ಗೆರೆಯ ದಪ್ಪ

ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ.
ಕಂಪನಿಯವರು ಕೂರಿಸಿ ಹೋದ ದಿನವೇ ಹೇಳಿದ್ದರು:
ಇದನ್ನು ಯಾವುದಕ್ಕೂ ಸೇರಿಸಬೇಡಿ, ಅಪ್‌ಡೇಟ್ ಮಾಡಬೇಡಿ,
ಗಡಿಯಾರವನ್ನೂ ಮುಟ್ಟಬೇಡಿ.
ಅದರ ಗಡಿಯಾರ ಈಗ ನಲವತ್ತು ನಿಮಿಷ ಹಿಂದೆ.
ನಾವೇ ಹೊಂದಿಕೊಂಡಿದ್ದೇವೆ.

ರಾತ್ರಿ ಎಂಟೂವರೆ. ಮಂಡ್ಯದಲ್ಲಿ ಸಂಜೆಯಿಂದ
ಕರೆಂಟು ಬಂದು, ಹೋಗಿ, ಬಂದಿತ್ತು.
ನಾಳೆ ಹತ್ತಕ್ಕೆ ಸಭೆ, ಆಲೆಮನೆಯವರೆಲ್ಲ ಬರುತ್ತಾರೆ.
ಇಪ್ಪತ್ತಮೂರು ಬೆಲ್ಲ, ಇಪ್ಪತ್ತಮೂರು ಗ್ರಾಫು,
ನನ್ನ ಕೈಯಲ್ಲಿ ಒಂದು ಪೆನ್ ಡ್ರೈವು.

ಮೊದಲು ಸುಲಭದ ದಾರಿ:
ಪರದೆಯನ್ನೇ ಸೆರೆಹಿಡಿ, ಪೇಂಟಿನಲ್ಲಿ ಅಂಟಿಸು, ಸ್ಲೈಡಿಗೆ ಹಾಕು.
ಬಂತು, ಬೂದು ಹಿನ್ನೆಲೆ ಸಮೇತ,
ಮೂಲೆಯ ಕೆಂಪು ಗುಂಡಿ ಸಮೇತ,
‘ಪಂಪ್ ಒತ್ತಡ ಸರಿಯಿದೆ’ ಎಂಬ ಸಾಲೂ ಸಮೇತ.
ಅಕ್ಷದ ಅಂಕಿಗಳು ಮಾತ್ರ ಸಾಸಿವೆ.
ಎಳೆದು ದೊಡ್ಡದು ಮಾಡಿದರೆ
ನೆನೆದ ಅವಲಕ್ಕಿ.

ಜವರಯ್ಯ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ.
“ಮೊಬೈಲಲ್ಲಿ ಒಂದ್ ಫೋಟ ಒಡ್ಕಂಡ್ ಆಕ್ಬುಡವ್ವ, ಯಾರ್ ನೋಡ್ತಾರೆ.”
ಹೊಡೆದೆ. ಗಾಜಿನೊಳಗೆ ಟ್ಯೂಬ್‌ಲೈಟು,
ಟ್ಯೂಬ್‌ಲೈಟಿನ ಕೆಳಗೆ ನನ್ನ ಮುಖ,
ಹಣೆಯ ಮೇಲೆ ಅಡ್ಡಕ್ಕೆ ಹದಿನಾಲ್ಕನೇ ಬೆಲ್ಲದ ಗ್ರಾಫು.
“ಅಣೆಬರ ಅಂದ್ರೆ ಇದೇಯಾ,” ಅಂದ.

ಮೂರನೇ ಮೆನುವಿನ ಹೊಟ್ಟೆಯೊಳಗೆ
‘ಚಿತ್ರವಾಗಿ ನಕಲಿಸು’ ಎಂದೊಂದು ಸಾಲು ಸಿಕ್ಕಿತು.
ಗೆರೆ ಚೊಕ್ಕವಾಗಿ ಬಂತು, ಇಪ್ಪತ್ತಮೂರೂ.
ಚನ್ನಂಕೇಗೌಡ ಸರ್‌ಗೆ ಕಳಿಸಿದೆ. ತಕ್ಷಣ ಒಂದು ಹೆಬ್ಬೆರಳು.
ಹಿಂದೆಯೇ ಫೋನು:
“ಗೆರೆ ಸ್ವಲ್ಪ ದಪ್ಪ ಮಾಡಮ್ಮ, ಹಿಂದಿನ ಸಾಲಿಗೂ ಕಾಣಲಿ.”
ಮಾಡಿದೆ.
ಹದಿನಾಲ್ಕರಲ್ಲಿ, ಎಂಟನೇ ನಿಮಿಷದ ಹತ್ತಿರ
ಒಂದು ಗುಬುಟು ಇತ್ತಲ್ಲ,
ಎಲ್ಲಿ?

ಯಾರೂ ಅಳಿಸಿರಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ.
ಗೆರೆಯ ದಪ್ಪವೇ ಅದನ್ನು ನುಂಗಿತ್ತು,
ಕಂಬಳಿಯಡಿ ಮಗುವಿನ ಮೊಣಕಾಲು ಕಾಣದ ಹಾಗೆ.
ಹೈಡ್ರೋಸಿನ ಗುರುತು ಏಳುವ ಜಾಗ ಅದು.
ಹದಿನಾಲ್ಕು ಅಂದರೆ ಹೊಂಬಾಳೇಗೌಡರದ್ದು. ಕಪ್ಪು ಬೆಲ್ಲ.
ಅಚ್ಚು ತಂದು ಮೇಜಿನ ಮೇಲಿಟ್ಟು ಹೇಳಿದ್ದರು:
“ಬೆಂಡೆ ಲೋಳೆ ಬುಟ್ರೆ ಇನ್ನೇನೂ ಸೋಕಿಲ್ಲ ಕಣವ್ವ.”

ಚಿತ್ರವೇ ಬೇಡ ಎಂದು ಅಂಕಿಗಳನ್ನೇ ಹೊರತಂದೆ.
ಎರಡು ಕಂಬ: ಕಾಲ, ಎತ್ತರ.
ಸಾವಿರದೆಂಟುನೂರು ಸಾಲು.
ನನ್ನ ಲ್ಯಾಪ್‌ಟಾಪಿನಲ್ಲಿ ನಾನೇ ಗೆರೆ ಎಳೆದೆ, ಕೂದಲೆಳೆಯಷ್ಟು.
ಗುಬುಟು ಎದ್ದು ಕೂತಿತು.
ಜವರಯ್ಯ ಅಷ್ಟು ಹೊತ್ತಿಗೆ ಸ್ಟೂಲಿನ ಮೇಲೆ ನಿದ್ದೆ.

ನಮ್ಮ ಪ್ರೊಜೆಕ್ಟರು ಎಲ್ಲವನ್ನೂ
ತುಸು ಹಳದಿ ಮಾಡಿಯೇ ತೋರಿಸುತ್ತದೆ,
ಪೇಟೆಯವರು ಕೇಳುವ ಬೆಲ್ಲದ ಹಾಗೆ.
“ಏನೂ ಕಾಣ್ತಿಲ್ಲ!” ಎಂದಿತು ಹಿಂದಿನ ಸಾಲು.
ಸರ್ ನನ್ನ ಕಡೆ ನೋಡಿದರು.
ಹೆಸರು ಹಾಕಿರಲಿಲ್ಲ, ಸಂಖ್ಯೆ ಮಾತ್ರ.
ಹದಿನಾಲ್ಕು ಬಂದಾಗ ಹೊಂಬಾಳೇಗೌಡರು ಎದ್ದು
ಟವೆಲ್ಲು ಹೆಗಲಿಗೆ ಸರಿಸಿ ಪರದೆಯವರೆಗೂ ನಡೆದು ಬಂದರು.
ಅವರ ನೆರಳು ಅರ್ಧ ಗ್ರಾಫು ತಿಂದಿತು.
ಉಳಿದರ್ಧದಲ್ಲಿ, ಗುಬುಟಿನ ಮೇಲೆ, ಬೆರಳಿಟ್ಟರು.
“ಇದು ನಂದಲ್ವೇನವ್ವ?”

ಸುಮ್ಮನಿದ್ದೆ.

“ಬಾಡಿಗೆ ಕೊಪ್ಪರಿಗೆ. ನಮಗಿಂತ ಮುಂದೆ ಕಾಸಿದೋರು
ಆಕಿದ್ರೋ ಏನೋ. ನಾವು ತೊಳ್ದಿದ್ವಿ.”
ಸ್ವಲ್ಪ ಹೊತ್ತು ಬಿಟ್ಟು,
“ಸರ್ಯಾಗ್ ತೊಳ್ದಿಲ್ಲ.”

ನಿಜವೋ ನೆಪವೋ, ಗ್ರಾಫು ಅದನ್ನು ಹೇಳುವುದಿಲ್ಲ.
ಯಾವ ನಿಮಿಷ, ಎಷ್ಟೆತ್ತರ,
ಅದರ ಬಾಯಿ ಅಷ್ಟಕ್ಕೇ.

ಊಟದ ಹೊತ್ತಿಗೆ ಬಂದು ಅದರದ್ದೊಂದು ಪ್ರತಿ ಕೇಳಿದರು.
ಪ್ರಿಂಟರಿನಲ್ಲಿ ಇಂಕು ಮುಗಿಯುತ್ತಿತ್ತು,
ಗೆರೆ ಅಲ್ಲಲ್ಲಿ ಹರಿದು ಬಂತು. ಗುಬುಟು ಉಳಿದಿತ್ತು.
ನಾಲ್ಕು ಮಡಿಕೆ ಮಾಡಿ
ಬೀಡಿ ಕಟ್ಟಿನ ಪಕ್ಕ ಜೇಬಿಗಿಳಿಸಿಕೊಂಡು ಅಂದರು,
“ಕೊಪ್ಪರಿಗೆಯೋನ್ಗೆ ತೋರುಸ್ಬೇಕು.”